ಹೆರಾಲ್ಡ್ ರಿಡ್ಲಿ ಮತ್ತು ಕಣ್ಣೊಳಗಿನ ಲೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೊರೆ ಆಪರೇಷನ್ ಬಗ್ಗೆ ಮಾತು ಬಂದಾಗಲೆಲ್ಲ ನಾನು ರಿಡ್ಲಿ ಹೆಸರು ಎತ್ತುತ್ತೇನೆ. ಎತ್ತಿದ ಕೂಡಲೇ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ.

## ಮೊದಲಿಗೆ ಬೇಕಾದದ್ದು

ಯಾರ್ರೀ ಈ ರಿಡ್ಲಿ? ಹೆಸರೇ ಕೇಳಿಲ್ಲ.

ಲಂಡನ್ನಿನ ಕಣ್ಣಿನ ಸರ್ಜನ್. ಪೊರೆ ಬಂದ ಲೆನ್ಸನ್ನು ತೆಗೆದು, ಆ ಜಾಗದಲ್ಲೇ ಪ್ಲಾಸ್ಟಿಕ್ ಲೆನ್ಸ್ ಕೂರಿಸಿ ಯಶಸ್ವಿಯಾದ ಮೊದಲ ವ್ಯಕ್ತಿ. ನಿಮ್ಮ ಮನೆಯಲ್ಲಿ ಅಮ್ಮನೋ ಅಜ್ಜನೋ "ಲೆನ್ಸ್ ಹಾಕಿಸ್ಕೊಂಡೆ, ಈಗ ಪೇಪರ್ ಓದ್ತೀನಿ" ಅಂದಿದ್ದರೆ ಅದರ ಮೂಲ ಇವರೇ. ಇಷ್ಟೊಂದು ಮನೆಗಳಿಗೆ ತಲುಪಿದ ಕೆಲಸ ಮಾಡಿದವರ ಹೆಸರು ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವುದು ನನಗೆ ಬೇಜಾರಿನ ವಿಷಯ. ಇದನ್ನೆಲ್ಲ ಬರೆಯಲು ಕೂತದ್ದೂ ಅದಕ್ಕೇ.

ಪೊರೆ ಅಂದ್ರೆ ಕಣ್ಣಿನ ಮೇಲೆ ಬೆಳೆಯೋ ಪದರ ತಾನೆ? ಕೆರೆದು ತೆಗೆದ್ರೆ ಆಯ್ತಲ್ಲ, ಲೆನ್ಸ್ ಯಾಕೆ?

ಅಲ್ಲ. ಕಣ್ಣಿನ ಮೇಲೆ ಏನೂ ಬೆಳೆಯುವುದಿಲ್ಲ. ಕಣ್ಣಿನ ಕಪ್ಪು ಬೊಟ್ಟಿನ ಹಿಂದೆ ಹುಟ್ಟಿನಿಂದಲೇ ಒಂದು ಪಾರದರ್ಶಕ ಲೆನ್ಸ್ ಇರುತ್ತದೆ. ತೆಳುವಾದ ಚೀಲವೊಂದು ಅದನ್ನು ಸುತ್ತಿಕೊಂಡಿರುತ್ತದೆ. ವಯಸ್ಸಾದಂತೆ ಆ ಲೆನ್ಸೇ ಮಸುಕಾಗುತ್ತದೆ, ಅದೇ ಪೊರೆ. ಹಾಗಾಗಿ ಪೊರೆ ತೆಗೆಯುವುದು ಅಂದರೆ ಲೆನ್ಸನ್ನೇ ತೆಗೆಯುವುದು. ತೆಗೆದ ಮೇಲೆ ಬೆಳಕೇನೋ ಒಳಗೆ ಬರುತ್ತದೆ, ಆದರೆ ಅದನ್ನು ಒಂದು ಕಡೆ ಸೇರಿಸುವವರು ಯಾರು? ಆ ಕೆಲಸಕ್ಕೆ ಇನ್ನೊಂದು ಲೆನ್ಸ್ ಬೇಕೇ ಬೇಕು. ಕಣ್ಣಿನ ಹೊರಗಾದರೂ ಸರಿ, ಒಳಗಾದರೂ ಸರಿ.

ಅವರಿಗಿಂತ ಮುಂಚೆ ಆಪರೇಷನ್ ಆದವ್ರು ಹೇಗೆ ನೋಡ್ತಿದ್ರು?

ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು. ಐವತ್ತು ದಾಟಿದವರಿಗೆ ಅದು ಚೆನ್ನಾಗಿ ನೆನಪಿರುತ್ತದೆ. ಪ್ಲಸ್ 10, ಪ್ಲಸ್ 12 ಪವರ್, ಮೂಗಿನ ಮೇಲೆ ಜಾರುವಷ್ಟು ಭಾರ.

ಭಾರ ಹೋಗಲಿ ಬಿಡಿ, ನಿಜವಾದ ಕಷ್ಟ ಬೇರೆ ಇತ್ತು. ಆ ಗಾಜಿನಲ್ಲಿ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತದೆ. ಲೋಟಕ್ಕೆ ಕಾಫಿ ಬಗ್ಗಿಸಲು ಹೋದರೆ ಪಕ್ಕಕ್ಕೆ ಚೆಲ್ಲುತ್ತದೆ. ಬಾಗಿಲ ಚೌಕಟ್ಟು ಬಾಗಿದಂತೆ ಕಾಣುತ್ತದೆ, ಮೆಟ್ಟಿಲು ಇಳಿಯುವಾಗ ಕಾಲು ತಡವರಿಸುತ್ತದೆ. ಗಾಜಿನ ಅಂಚಿನ ಸುತ್ತ ಏನೂ ಕಾಣದ ಒಂದು ಬಳೆ ಬೇರೆ. ಪಕ್ಕದಿಂದ ಬಂದ ಮನುಷ್ಯ ಆ ಬಳೆಯಲ್ಲಿ ಮಾಯವಾಗಿ, ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಲ್ಲುತ್ತಾನೆ. ಒಂದೇ ಕಣ್ಣಿಗೆ ಆಪರೇಷನ್ ಆಗಿದ್ದರಂತೂ ಇನ್ನೂ ಫಜೀತಿ. ಎರಡು ಕಣ್ಣಿಗೆ ಎರಡು ಸೈಜಿನ ಚಿತ್ರ, ಮೆದುಳಿಗೆ ಅವನ್ನು ಒಂದು ಮಾಡಲು ಆಗುವುದಿಲ್ಲ. ಕನ್ನಡಕ ಕಳೆದುಹೋದರೆ ಮತ್ತೆ ಕುರುಡೇ.

ಆದರೂ ಆಗಿನ ಸರ್ಜನ್‌ಗಳ ಲೆಕ್ಕದಲ್ಲಿ ಇದು ಗೆದ್ದ ಆಪರೇಷನ್ ಆಗಿತ್ತು. ರಿಡ್ಲಿಗೆ ಅದು ಅರ್ಧ ಕೆಲಸ ಅನ್ನಿಸಿತು. ಪೊರೆ ತೆಗೆಯುವುದು ಚಿಕಿತ್ಸೆಯ ಅರ್ಧ ಮಾತ್ರ ಎನ್ನುವುದು ಅವರ ಕೊನೆತನಕದ ವಾದ.

ಸುಶ್ರುತರು ಇದನ್ನ ಎಷ್ಟೋ ಹಿಂದೆ ಮಾಡಿದ್ರಲ್ಲ?

ಸುಶ್ರುತ ಸಂಹಿತೆಯಲ್ಲಿ ಪೊರೆಯ ಚಿಕಿತ್ಸೆ ಇದೆ, ಅದು ದೊಡ್ಡ ವಿಷಯವೇ. ಆದರೆ ಆ ವಿಧಾನದಲ್ಲಿ ಮಸುಕಾದ ಲೆನ್ಸನ್ನು ಸೂಜಿಯಂಥ ಸಲಕರಣೆಯಿಂದ ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ಸರಿಸುತ್ತಿದ್ದರು, ಹೊರಗೆ ತೆಗೆಯುತ್ತಿರಲಿಲ್ಲ. ಹೊರತೆಗೆಯುವುದನ್ನು ಕ್ರಮವಾಗಿ ಶುರು ಮಾಡಿದ್ದು ಫ್ರಾನ್ಸಿನ ಜಾಕ್ ಡೇವಿಯಲ್, 18ನೇ ಶತಮಾನದ ಮಧ್ಯದಲ್ಲಿ. ಅದೇ ಶತಮಾನದ ಕೊನೆಗೆ ಕಾಸಾಮಾಟ ಎಂಬುವವರು ಗಾಜಿನ ಲೆನ್ಸ್ ಒಳಗಿಡಲು ನೋಡಿದರು, ಅದು ಸೀದಾ ಕಣ್ಣಿನ ತಳಕ್ಕೆ ಬಿತ್ತು. ಅಲ್ಲಿಂದ 150 ವರ್ಷ ಆ ದಾರಿಯಲ್ಲಿ ಯಾರೂ ದೂರ ಹೋಗಲಿಲ್ಲ.

## ಮನುಷ್ಯ ಮತ್ತು ಅವರ ಐಡಿಯಾ

ರಿಡ್ಲಿ ಎಲ್ಲಿಯವರು? ಏನು ಓದಿದ್ರು?

ಪೂರ್ತಿ ಹೆಸರು ನಿಕೋಲಸ್ ಹೆರಾಲ್ಡ್ ಲಾಯ್ಡ್ ರಿಡ್ಲಿ. ಹುಟ್ಟಿದ್ದು 1906ರ ಜುಲೈ 10ರಂದು, ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಕಿಬ್‌ವರ್ತ್‌ನಲ್ಲಿ. ಅಪ್ಪನೂ ಕಣ್ಣಿನ ಸರ್ಜನ್. ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜು, ಆಮೇಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದು. 1938ರಲ್ಲಿ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಸರ್ಜನ್ ಆದರು. ಮಾತು ಕಡಿಮೆ, ಸಂಕೋಚದ ಸ್ವಭಾವ. ಮುಂದೆ ತುಂಬಿದ ಸಭೆಗಳಲ್ಲಿ ಬೈಸಿಕೊಳ್ಳಬೇಕಾಗಿ ಬಂದಾಗ ಅದು ಅವರಿಗೆ ಎಷ್ಟು ಕಷ್ಟವಾಗಿರಬೇಕು ಅಂತ ನೆನೆದರೆ ಸಂಕಟವಾಗುತ್ತದೆ.

ಸ್ಪಿಟ್‌ಫೈರ್ ಪೈಲಟ್ ಕಣ್ಣಿಗೆ ಪ್ಲಾಸ್ಟಿಕ್ ಚುಚ್ಚಿತ್ತು, ಅದನ್ನ ನೋಡಿ ಹೊಳೀತು ಅಂತ ಓದಿದ್ದೆ. ನಿಜಾನಾ?

ಕಥೆ ನಿಜ, ವಿಮಾನ ತಪ್ಪು. ಆ ಪೈಲಟ್ ಗಾರ್ಡನ್ ಕ್ಲೀವರ್, ಅವರು ಹಾರಿಸುತ್ತಿದ್ದದ್ದು ಹರಿಕೇನ್ ಎಂಬ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ. 601ನೇ ಸ್ಕ್ವಾಡ್ರನ್ನಿನವರು, ಗೆಳೆಯರು ಕರೆಯುತ್ತಿದ್ದದ್ದು 'ಮೌಸ್' ಎಂದು. 1940ರ ಆಗಸ್ಟ್ ಮಧ್ಯದಲ್ಲಿ, ಬ್ರಿಟನ್ ಮೇಲಿನ ವಾಯುಯುದ್ಧ ಜೋರಾಗಿದ್ದಾಗ, ಗುಂಡು ಬಡಿದು ಅವರ ಕಾಕ್‌ಪಿಟ್ಟಿನ ಮೇಲ್ಮುಚ್ಚಳ ಒಡೆಯಿತು. ಅದು ಪರ್ಸ್‌ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು. ಅವತ್ತು ಗಾಗಲ್ಸ್ ಹಾಕಿರಲಿಲ್ಲ. ಚೂರುಗಳು ಎರಡೂ ಕಣ್ಣಿಗೆ ಹೊಕ್ಕವು. ಏನೂ ಕಾಣದ ಸ್ಥಿತಿಯಲ್ಲೇ ಪ್ಯಾರಾಚೂಟ್ ಬಿಚ್ಚಿ ಹಾರಿ ಬದುಕಿಕೊಂಡರು. ಮುಖ, ಕಣ್ಣು ಎಲ್ಲ ಸೇರಿ 18 ಆಪರೇಷನ್ ಆಯಿತು. ಬಲಗಣ್ಣು ಹೋಯಿತು. ಎಡಗಣ್ಣು, ಒಳಗೆ ಚೂರು ಇಟ್ಟುಕೊಂಡೇ, ಉಳಿಯಿತು.

ರಿಡ್ಲಿ ಗಮನಿಸಿದ್ದು ಈ ಉಳಿದದ್ದನ್ನು. ತಾಮ್ರದ ಚೂರು ಕಣ್ಣೊಳಗೆ ಹೋದರೆ ಕಣ್ಣು ಕೆರಳಿ ಕೀವು ತುಂಬಿಕೊಳ್ಳುತ್ತದೆ, ಕಬ್ಬಿಣದ್ದಾದರೆ ತುಕ್ಕು ಹಿಡಿದು ನಿಧಾನಕ್ಕೆ ಕೆಡಿಸುತ್ತದೆ. ಪರ್ಸ್‌ಪೆಕ್ಸ್ ಮಾತ್ರ ಚೂಪಾದ ಅಂಚು ತಾಗದ ಕಡೆ ಸುಮ್ಮನೆ ಬಿದ್ದಿತ್ತು, ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಂಥ ಗಾಯದ ಪೈಲಟ್‌ಗಳನ್ನು ಬೇರೆ ಡಾಕ್ಟರ್‌ಗಳೂ ನೋಡಿದ್ದರು. ಆದರೆ "ಕಣ್ಣು ಇದನ್ನು ಸಹಿಸುತ್ತದೆ ಅಂದರೆ ಇದರಿಂದಲೇ ಲೆನ್ಸ್ ಮಾಡಬಹುದಲ್ಲ" ಎಂಬಲ್ಲಿಗೆ ಹೋಗಿ ಮುಟ್ಟಿದವರು ಇವರು. ಅದಕ್ಕೇ ಇದನ್ನು 'ಆಕಸ್ಮಿಕ' ಅಂತ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಒಬ್ಬ ಸ್ಟೂಡೆಂಟ್ ಪ್ರಶ್ನೆ ಕೇಳಿದ್ದಕ್ಕೆ ಇದೆಲ್ಲ ಶುರುವಾಗಿದ್ದಂತೆ?

ಹೌದು, ಸ್ಟೀವ್ ಪೆರಿ ಎಂಬ ವೈದ್ಯಕೀಯ ವಿದ್ಯಾರ್ಥಿ. ರಿಡ್ಲಿ ಪೊರೆ ತೆಗೆದದ್ದನ್ನು ನೋಡಿ, ತೆಗೆದದ್ದರ ಬದಲಿಗೆ ಬೇರೆ ಲೆನ್ಸ್ ಇಡಲು ಆಗದಿರುವುದು ಎಂಥ ಬೇಸರ ಎನ್ನುವ ಅರ್ಥದ ಮಾತಾಡಿದ. ರಿಡ್ಲಿ ತಲೆಯಲ್ಲಿ ಆಗಲೇ ವರ್ಷಗಳಿಂದ ಕೊರೆಯುತ್ತಿದ್ದ ವಿಷಯ ಅದು. ಹುಡುಗನ ಮಾತು ಅವರನ್ನು ಕೈಹಾಕುವಂತೆ ಮಾಡಿತು. ಕಲಿಯುವವರು 'ದಡ್ಡ ಪ್ರಶ್ನೆ' ಅಂದುಕೊಂಡು ನುಂಗಿಕೊಳ್ಳುವಂಥ ಪ್ರಶ್ನೆಯೇ ಅಲ್ವಾ ಇದು?

ಲೆನ್ಸ್ ಮಾಡಿಕೊಟ್ಟಿದ್ದು ಯಾರು? ಪೇಟೆಂಟ್‌ನಿಂದ ಒಳ್ಳೆ ದುಡ್ಡು ಮಾಡಿರಬೇಕು!

ರೇನರ್ ಎಂಬ ಬ್ರಿಟಿಷ್ ಕಂಪನಿ, ಅಲ್ಲಿನ ಜಾನ್ ಪೈಕ್ ಎಂಬ ದೃಗ್ವಿಜ್ಞಾನಿ. ಲಂಡನ್ನಿನ ಕ್ಯಾವೆಂಡಿಶ್ ಚೌಕದಲ್ಲಿ ಕಾರು ನಿಲ್ಲಿಸಿಕೊಂಡು, ಕಾರಿನೊಳಗೇ ಕೂತು ಇಬ್ಬರೂ ಮೊದಲ ಮಾತುಕತೆ ನಡೆಸಿದರು. ವಿಮಾನದ ಪರ್ಸ್‌ಪೆಕ್ಸ್‌ನಲ್ಲಿ ಬೇರೆ ರಾಸಾಯನಿಕಗಳ ಶೇಷ ಇರುತ್ತದೆ, ಅದು ಕಣ್ಣಿಗೆ ಆಗಿಬರುವುದಿಲ್ಲ. ಹಾಗಾಗಿ ಐಸಿಐ ಕಂಪನಿಯ ಜಾನ್ ಹೋಲ್ಟ್ ಹೆಚ್ಚು ಶುದ್ಧವಾದದ್ದನ್ನು ತಯಾರಿಸಿಕೊಟ್ಟರು.

ದುಡ್ಡಿನ ವಿಷಯ: ರೇನರ್ ಲಾಭ ಇಟ್ಟುಕೊಳ್ಳಲಿಲ್ಲ, ಲೆನ್ಸಿನ ಬೆಲೆ ಒಂದು ಪೌಂಡಿಗಿಂತ ಕಡಿಮೆ ಇತ್ತು. ರಿಡ್ಲಿ ರಾಯಲ್ಟಿ ಬೇಡವೆಂದರು.

ಮೊದಲ ಆಪರೇಷನ್ 1949ರಲ್ಲಾ 1950ರಲ್ಲಾ? ಒಂದೊಂದು ಕಡೆ ಒಂದೊಂದು ಥರ ಇದೆ.

ಎರಡೂ ಸರಿ. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ಪೊರೆ ತೆಗೆದು, ಮೊದಲ ಸಲ ಲೆನ್ಸ್ ಒಳಗಿಟ್ಟರು. ಆದರೆ ಅದನ್ನು ಅಲ್ಲೇ ಬಿಡಲಿಲ್ಲ. ಕಣ್ಣು ಮಾಯಲು ಸಮಯ ಕೊಟ್ಟು, 1950ರ ಫೆಬ್ರವರಿ 8ರಂದು ಕಾಯಂ ಆಗಿ ಕೂರಿಸಿದರು.

## ಜಗಳದ ವರ್ಷಗಳು

ಗುಟ್ಟಾಗಿ ಮಾಡಿದ್ರಂತೆ. ಅದು ತಪ್ಪಲ್ವಾ?

ಗುಟ್ಟಾಗಿ ಮಾಡಿದ್ದು ಹೌದು. ಹೊರಗೆ ಗೊತ್ತಾದರೆ ತಡೆಯುತ್ತಾರೆ ಎಂಬ ಭಯ. ಒಂದಷ್ಟು ಜನಕ್ಕೆ ಇಟ್ಟು, ವರ್ಷ ಎರಡು ವರ್ಷ ಫಲ ನೋಡಿ, ಆಮೇಲೆ ಹೇಳೋಣ ಎಂದುಕೊಂಡಿದ್ದರು. ಆದರೆ ಒಬ್ಬ ರೋಗಿ ತಪ್ಪಿ ಫ್ರೆಡರಿಕ್ ರಿಡ್ಲಿ ಎಂಬ ಇನ್ನೊಬ್ಬ ಕಣ್ಣಿನ ಡಾಕ್ಟರ್ ಹತ್ತಿರ ಹೋದರು. ಅವರು ಪರೀಕ್ಷೆ ಮಾಡಿದರೆ ಒಳಗೆ ಪ್ಲಾಸ್ಟಿಕ್ ಲೆನ್ಸ್! ಗುಟ್ಟು ರಟ್ಟಾಯಿತು.

ಇವತ್ತಿನ ನಿಯಮದಲ್ಲಿ ಇದಕ್ಕೆ ಅವಕಾಶವೇ ಇಲ್ಲ, ಇರಲೂಬಾರದು. ಎಥಿಕ್ಸ್ ಸಮಿತಿ, ಪ್ರಾಣಿಗಳ ಮೇಲೆ ಪ್ರಯೋಗ, ಬರಹದಲ್ಲಿ ರೋಗಿಯ ಒಪ್ಪಿಗೆ, ಇದೆಲ್ಲ ಆಗಬೇಕು. ಆ ಕಾಲದ ಬ್ರಿಟನ್ನಿನಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ, ಸರ್ಜನ್ನಿನ ವಿವೇಕವೇ ನಿಯಮ. ನಾನು ರಿಡ್ಲಿ ಅಭಿಮಾನಿ, ಆದರೂ ಈ ಭಾಗವನ್ನು ಸಮರ್ಥಿಸುವುದಿಲ್ಲ. ಅಪಾಯ ಹೊತ್ತವರು ಆ ರೋಗಿಗಳು. ಅವರ ಪಾಲನ್ನೂ ನೆನೆಯಬೇಕು.

ಬೇರೆ ಡಾಕ್ಟರ್‌ಗಳು ಯಾಕಷ್ಟು ವಿರೋಧ ಮಾಡಿದ್ರು? ಹೊಟ್ಟೆಕಿಚ್ಚಾ?

ಸ್ವಲ್ಪ ಅದೂ ಇದ್ದಿರಬಹುದು, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯ. ತಲೆಮಾರುಗಳಿಂದ ಕಣ್ಣಿನ ಸರ್ಜನ್‌ಗಳು ಕಲಿತ ಮೊದಲ ಪಾಠವೇ ಕಣ್ಣೊಳಗೆ ಹೊಕ್ಕ ಪರವಸ್ತುವನ್ನು ತೆಗೆಯಬೇಕು ಎನ್ನುವುದು. ಈತ ಬೇಕಂತಲೇ ಒಂದನ್ನು ಇಡುತ್ತಿದ್ದಾನೆ! 1951ರ ಜುಲೈನಲ್ಲಿ ಆಕ್ಸ್‌ಫರ್ಡ್‌ನ ನೇತ್ರತಜ್ಞರ ಸಮ್ಮೇಳನಕ್ಕೆ ರಿಡ್ಲಿ ತಮ್ಮ ರೋಗಿಗಳನ್ನೇ ಕರೆದುಕೊಂಡು ಹೋದರು, ಕಣ್ಣಾರೆ ನೋಡಲಿ ಎಂದು. ಬ್ರಿಟನ್ನಿನ ನೇತ್ರವೈದ್ಯರಲ್ಲಿ ಅತಿ ದೊಡ್ಡ ಹೆಸರಾಗಿದ್ದ ಸರ್ ಸ್ಟುವರ್ಟ್ ಡ್ಯೂಕ್-ಎಲ್ಡರ್ ಆ ರೋಗಿಗಳನ್ನು ಪರೀಕ್ಷಿಸಲು ಒಪ್ಪಲೇ ಇಲ್ಲ. ಮುಂದಿನ ವರ್ಷ ಅಮೆರಿಕದಲ್ಲಿ ಮಾತಾಡಿದಾಗಲೂ ಹೀಗೇ ತಣ್ಣಗಿನ ಸ್ವಾಗತ.

ವಿರೋಧಿಗಳ ಕೈಯಲ್ಲಿ ಗಟ್ಟಿ ಕಾರಣಗಳೂ ಇದ್ದವು. ಆ ಲೆನ್ಸು ದಪ್ಪ, ಭಾರ. ಹಿಡಿದುಕೊಳ್ಳಲು ಕಾಲುಗಳಿಲ್ಲದ ಕಾರಣ ಕೆಲವರಲ್ಲಿ ಜಾರಿ ಒಳಗೆ ಬಿದ್ದಿತು. ಕೆಲವರಿಗೆ ಉರಿಯೂತ, ಕೆಲವರಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ. ಕ್ರಿಮಿಶುದ್ಧಿಗೆ ಬಳಸಿದ ದ್ರಾವಣದ ಶೇಷವೂ ಕಣ್ಣನ್ನು ಕೆರಳಿಸಿತು. ಹಾಕಿದ ಲೆನ್ಸನ್ನು ವಾಪಸ್ ತೆಗೆಯಬೇಕಾಗಿ ಬಂದ ರೋಗಿಗಳಿದ್ದರು. ಹಾಗಾಗಿ 'ಇದು ಅಪಾಯ' ಎಂದವರನ್ನು ನಾನು ಬೈಯುವುದಿಲ್ಲ. ನೋಡುವುದಕ್ಕೇ ಒಪ್ಪದವರನ್ನು ಮಾತ್ರ ಕ್ಷಮಿಸಲು ಕಷ್ಟ.

ಈ ವರ್ಷಗಳಲ್ಲಿ ರಿಡ್ಲಿ ಒಳಗೊಳಗೇ ಕುಗ್ಗಿಹೋದರು. ಪೀಟರ್ ಚಾಯ್ಸ್ ಎಂಬ ಕಿರಿಯ ಸರ್ಜನ್ ಜೊತೆಗೆ ನಿಂತರು. 1966ರಲ್ಲಿ ಇಬ್ಬರೂ ಸೇರಿ ಈ ಕೆಲಸ ಮಾಡುವವರದೇ ಒಂದು ಅಂತರರಾಷ್ಟ್ರೀಯ ಕ್ಲಬ್ ಕಟ್ಟಿದರು.

ಕೊನೆಗೆ ಯಾವಾಗ ಒಪ್ಪಿಕೊಂಡ್ರು?

ಒಂದೇ ದಿನ ಆದದ್ದಲ್ಲ. ರಿಡ್ಲಿ 1971ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದಾಗಲೂ ಜಗತ್ತಿನ ಬಹುಪಾಲು ಪೊರೆ ಆಪರೇಷನ್ ಲೆನ್ಸ್ ಇಲ್ಲದೆಯೇ ನಡೆಯುತ್ತಿತ್ತು. ಔಷಧ, ವೈದ್ಯಕೀಯ ಸಲಕರಣೆಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 1981ರಲ್ಲಿ, ಅಂದರೆ ಮೊದಲ ಆಪರೇಷನ್ ಆಗಿ 30 ವರ್ಷ ದಾಟಿದ ಮೇಲೆ. ರಿಡ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆಯಾದ ರಾಯಲ್ ಸೊಸೈಟಿಯ ಫೆಲೋ ಆದದ್ದು 1986ರಲ್ಲಿ. 'ಸರ್' ಪದವಿ ಬಂದದ್ದು 2000ದಲ್ಲಿ, ವಯಸ್ಸು 93. ಮರುವರ್ಷ, 2001ರ ಮೇ 25ರಂದು ತೀರಿಕೊಂಡರು. 2010ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ವೈದ್ಯಕೀಯ ಸಾಧನೆಗಳ ಅಂಚೆಚೀಟಿ ಸರಣಿ ತಂದಾಗ ಪೆನಿಸಿಲಿನ್ ಜೊತೆ ಇವರ ಲೆನ್ಸಿಗೂ ಒಂದು ಚೀಟಿ ಸಿಕ್ಕಿತು.

ಅವರಿಗೇ ಪೊರೆ ಬಂದಿತ್ತಾ?

ಬಂದಿತ್ತು, ಎರಡೂ ಕಣ್ಣಿಗೆ. 80 ದಾಟಿದ ಮೇಲೆ, ತಾವು ಮೊದಲ ಲೆನ್ಸ್ ಇಟ್ಟ ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಲೆನ್ಸ್ ಹಾಕಿಸಿಕೊಂಡರು. ಪೈಲಟ್ ಕ್ಲೀವರ್‌ಗೂ 1980ರ ದಶಕದಲ್ಲಿ, ಉಳಿದಿದ್ದ ಆ ಒಂದು ಕಣ್ಣಿಗೆ ಪೊರೆ ಬಂದು ಲೆನ್ಸ್ ಹಾಕಲಾಯಿತು.

ಲೆನ್ಸ್ ಬಿಟ್ಟು ಬೇರೇನಾದ್ರೂ ಮಾಡಿದ್ರಾ?

ಯುದ್ಧಕಾಲದಲ್ಲಿ ಸೇನೆಯ ವೈದ್ಯರಾಗಿ ಈಗಿನ ಘಾನಾಕ್ಕೆ ಹೋದಾಗ, ಹೊಳೆದಂಡೆಯ ಕಪ್ಪು ನೊಣದಿಂದ ಹರಡುವ ಕುರುಡುರೋಗವನ್ನು ಅಧ್ಯಯನ ಮಾಡಿದರು. ಆ ಕೆಲಸಕ್ಕೆ ಇವತ್ತಿಗೂ ಬೆಲೆ ಇದೆ. ಆಮೇಲೆ ಬರ್ಮಾದಲ್ಲಿ, ಜಪಾನಿಯರ ಸೆರೆಯಲ್ಲಿ ಹೊಟ್ಟೆಗಿಲ್ಲದೆ ದೃಷ್ಟಿ ಕಳೆದುಕೊಂಡಿದ್ದ ಸೈನಿಕರನ್ನು ನೋಡಿಕೊಂಡರು. ಕಣ್ಣಿನ ಆಪರೇಷನ್ನನ್ನು ಟೆಲಿವಿಷನ್ನಿನಲ್ಲಿ ತೋರಿಸಿ ಕಲಿಸುವುದನ್ನು ಶುರು ಮಾಡಿದವರಲ್ಲೂ ಇವರು ಒಬ್ಬರು. ಬಡ ದೇಶಗಳ ಪೊರೆ ಚಿಕಿತ್ಸೆಗೆ ನೆರವಾಗಲು 1967ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು.

## ಇನ್ನೂ ಆಳಕ್ಕೆ ಹೋಗುವವರಿಗೆ

ಮೊದಲ ರೋಗಿಗೆ ಸರಿಯಾಗಿ ಕಾಣಲೇ ಇಲ್ವಂತೆ? ಲೆಕ್ಕ ತಪ್ಪಿದ್ದು ಹೇಗೆ?

ಲೆನ್ಸ್ ಕೂತಿತು, ಕಣ್ಣು ಸಹಿಸಿತು, ಪವರ್ ಮಾತ್ರ ವಿಪರೀತ ಜಾಸ್ತಿಯಾಯಿತು. ಆಕೆಗೆ ಮೈನಸ್ 20ರ ಆಸುಪಾಸು ಸಮೀಪದೃಷ್ಟಿ ಬಂತು. ಕಾರಣ ಇದು: ರಿಡ್ಲಿ ಮತ್ತು ಪೈಕ್ ಮನುಷ್ಯನ ಲೆನ್ಸಿನ ಆಕಾರವನ್ನು ನಕಲು ಮಾಡಿದರು. ಆದರೆ ಪರ್ಸ್‌ಪೆಕ್ಸ್ ಬೆಳಕನ್ನು ಹೆಚ್ಚು ಬಗ್ಗಿಸುತ್ತದೆ. ಅದರ ವಕ್ರೀಭವನ ಸೂಚ್ಯಂಕ 1.49, ನಮ್ಮ ಲೆನ್ಸಿನದು 1.42ರ ಹತ್ತಿರ. ಕಣ್ಣೊಳಗೆ ಲೆನ್ಸಿನ ಸುತ್ತ ಇರುವ ನೀರಿನದು 1.336. ಲೆಕ್ಕಕ್ಕೆ ಬರುವುದು ಈ ನೀರಿಗೂ ಲೆನ್ಸಿಗೂ ಇರುವ ಅಂತರ. 1.42ರಿಂದ 1.49 ಚಿಕ್ಕ ಬದಲಾವಣೆಯಂತೆ ಕಂಡರೂ ಆ ಅಂತರ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ, ಅದರೊಂದಿಗೆ ಪವರ್ ಕೂಡ. ಮುಂದಿನ ಲೆನ್ಸ್‌ಗಳಲ್ಲಿ ಬಾಗು ಕಡಿಮೆ ಮಾಡಿ ಸರಿಪಡಿಸಿದರು. ಈಗ ಆಪರೇಷನ್‌ಗೆ ಮುಂಚೆ ಕಣ್ಣಿನ ಉದ್ದ ಅಳೆದು, ಒಬ್ಬೊಬ್ಬರಿಗೂ ಬೇರೆ ಪವರ್ ಲೆಕ್ಕ ಹಾಕುತ್ತಾರಲ್ಲ, ಅದು ಆಗ ಇರಲಿಲ್ಲ.

ಅವರ ಲೆನ್ಸಿಗೂ ಈಗಿನದಕ್ಕೂ ಏನಾದ್ರೂ ಸಂಬಂಧ ಇದೆಯಾ, ಬರೀ ಐಡಿಯಾ ಮಾತ್ರವಾ?

ಇದು ನನಗೆ ಅತಿ ಇಷ್ಟದ ಪ್ರಶ್ನೆ. ರಿಡ್ಲಿ ಲೆನ್ಸು 8 ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲ, ಸುಮಾರು 2.4 ಮಿಲಿಮೀಟರ್ ದಪ್ಪ. ಈಗಿನದು ಅದರ ಮುಂದೆ ಹೂವಿನ ಎಸಳಷ್ಟು ಹಗುರ. ಮಡಚಿ, ಮೂರು ಮಿಲಿಮೀಟರಿಗಿಂತ ಚಿಕ್ಕ ಗಾಯದ ಮೂಲಕ ತೂರಿಸಿದರೆ ಒಳಗೆ ತಾನೇ ಬಿಚ್ಚಿಕೊಳ್ಳುತ್ತದೆ.

ಆದರೆ ಇಡುವ ಜಾಗ ನೋಡಿ. ರಿಡ್ಲಿ ಹಳೇ ಲೆನ್ಸಿನ ಚೀಲದ ಹಿಂಪದರವನ್ನು ಉಳಿಸಿಕೊಂಡು, ಪಾಪೆಯ ಹಿಂದೆ, ದೇವರು ಇಟ್ಟ ಜಾಗದಲ್ಲೇ ಇಟ್ಟರು. ಜಾರುತ್ತದೆ ಎಂದು ಮುಂದಿನವರು ಆ ಜಾಗ ಬಿಟ್ಟರು. ಕೆಲವರು ಪಾಪೆಯ ಮುಂದೆ ಇಟ್ಟರು, ಅಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಕೆಟ್ಟಿತು. ನೆದರ್ಲ್ಯಾಂಡ್ಸಿನ ಬಿಂಕ್‌ಹೋರ್ಸ್ಟ್ 1950ರ ದಶಕದ ಕೊನೆಗೆ ಪಾಪೆಗೇ ಕ್ಲಿಪ್ಪಿನಂತೆ ಸಿಕ್ಕಿಸಿದರು. ಇಪ್ಪತ್ತೈದು ವರ್ಷ ಹೀಗೆ ಸುತ್ತಾಡಿ, 1970ರ ದಶಕದ ಕೊನೆಗೆ ಸ್ಟೀವನ್ ಶಿಯರಿಂಗ್ ಎಂಬ ಅಮೆರಿಕನ್ ಸರ್ಜನ್ ಲೆನ್ಸಿಗೆ ಬಾಗುವ ಎರಡು ಕುಣಿಕೆ ಕೊಟ್ಟು ಮತ್ತೆ ಪಾಪೆಯ ಹಿಂದಕ್ಕೇ ತಂದರು. ಈಗ ಎಲ್ಲೆಡೆ ಇಡುವುದು ಅಲ್ಲೇ. ಅಂದರೆ ರಿಡ್ಲಿ ಎಡವಿದ್ದು ತೂಕ, ಹಿಡಿತ, ಪವರ್‌ಗಳಲ್ಲಿ. ಜಾಗದ ವಿಷಯದಲ್ಲಿ ಮೊದಲ ದಿನದಿಂದ ಸರಿಯಾಗಿದ್ದರು.

ಚಾರ್ಲ್ಸ್ ಕೆಲ್ಮನ್ 1967ರಲ್ಲಿ ತಂದ, ಪೊರೆಯನ್ನು ಶಬ್ದತರಂಗದಿಂದ ಪುಡಿಮಾಡಿ ಹೀರುವ ಫೇಕೋ ವಿಧಾನ ಇಲ್ಲದಿದ್ದರೆ ಇಷ್ಟು ಚಿಕ್ಕ ಗಾಯ ಸಾಧ್ಯವಾಗುತ್ತಿರಲಿಲ್ಲ, ಅದನ್ನೂ ಹೇಳಬೇಕು.

ನಮ್ಮ ಕಡೆ ಇದು ಯಾವಾಗ ಬಂತು? ಡಾ. ಮೋದಿಯವರ ಕ್ಯಾಂಪಿನಲ್ಲಿ ಲೆನ್ಸ್ ಹಾಕ್ತಿದ್ರಾ?

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು 1940ರ ದಶಕದಲ್ಲೇ ಊರೂರು ತಿರುಗಿ ಸಾಮೂಹಿಕ ನೇತ್ರ ಶಿಬಿರ ಶುರು ಮಾಡಿದವರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ. ಅವರ ದೊಡ್ಡ ಶಿಬಿರಗಳ ಕಾಲ ಲೆನ್ಸ್ ಇಲ್ಲದ ಆಪರೇಷನ್ನಿನ ಕಾಲ. ಪೊರೆ ತೆಗೆದು, ದಪ್ಪ ಕನ್ನಡಕ ಕೊಡುವುದು. ಅದನ್ನು ಕಡಿಮೆ ಅಂತ ನೋಡಬೇಡಿ, ಕೋಲು ಹಿಡಿದು ಬಂದವರು ನಡೆದುಕೊಂಡು ವಾಪಸ್ ಹೋಗುತ್ತಿದ್ದರು.

ಲೆನ್ಸ್ ಆಗ ವಿದೇಶದ್ದು, ಬೆಲೆ ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. 1992ರಲ್ಲಿ ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯವರು ಆರೋಲ್ಯಾಬ್ ಶುರು ಮಾಡಿ ಇಲ್ಲೇ ಲೆನ್ಸ್ ತಯಾರಿಸಿದರು. ನೂರು ಡಾಲರಿನ ಆಸುಪಾಸಿದ್ದ ವಸ್ತು ಹತ್ತು ಡಾಲರಿನ ಆಸುಪಾಸಿಗೆ ಇಳಿಯಿತು. ಉಚಿತ ಕ್ಯಾಂಪಿನಲ್ಲೂ ಲೆನ್ಸ್ ಹಾಕುವುದು ಸಾಧ್ಯವಾದದ್ದು ಇಂಥ ಕೆಲಸದಿಂದ. ಮಾಡಿದವರ ಹೆಸರು ರಿಡ್ಲಿಯಷ್ಟೇ ಗೌರವದಿಂದ ಹೇಳಬೇಕಾದದ್ದು.

ಲೆನ್ಸ್ ಹಾಕಿಸಿ ಮೂರು ವರ್ಷ ಆಯ್ತು, ಅಮ್ಮಂಗೆ ಮತ್ತೆ ಮಂಜು ಮಂಜು ಅಂತಾರೆ. ಪೊರೆ ಮತ್ತೆ ಬಂತಾ? ಲೆನ್ಸ್ ಬದಲಾಯಿಸಬೇಕಾ?

ಪೊರೆ ಮತ್ತೆ ಬರುವುದಿಲ್ಲ, ಬರಲು ಹಳೇ ಲೆನ್ಸೇ ಇಲ್ಲ. ಪ್ಲಾಸ್ಟಿಕ್ ಲೆನ್ಸೂ ಸಾಮಾನ್ಯವಾಗಿ ಹಾಗೆ ಮಸುಕಾಗುವುದಿಲ್ಲ. ಉಳಿಸಿಕೊಂಡ ಚೀಲದ ಹಿಂಪದರದ ಮೇಲೆ ಅಳಿದುಳಿದ ಜೀವಕೋಶಗಳು ಹಬ್ಬಿ ಅದು ಮಸುಕಾಗುತ್ತದೆ. ರಿಡ್ಲಿಯ ರೋಗಿಗಳಿಗೂ ಇದು ಬಹಳ ಕಾಡಿತ್ತು, ಅವರಿಗೆ ಮತ್ತೆ ಕಣ್ಣಿಗೆ ಕೈಹಾಕದೆ ದಾರಿ ಇರಲಿಲ್ಲ. ಈಗ ಯಾಗ್ ಲೇಸರ್ ಇದೆ. ಹೊರರೋಗಿಯಾಗಿ ಹೋಗಿ, ಗಲ್ಲ ಇಟ್ಟು ಕೂತರೆ ಕೆಲವೇ ನಿಮಿಷದಲ್ಲಿ ಆ ಪದರದ ನಡುವೆ ಕಿಂಡಿ ಮಾಡುತ್ತಾರೆ. ಗಾಯ ಇಲ್ಲ, ಹೊಲಿಗೆ ಇಲ್ಲ.

ಆದರೆ ಮಂಜಿಗೆ ಬೇರೆ ಕಾರಣಗಳೂ ಇರುತ್ತವೆ, ಸಕ್ಕರೆ ಕಾಯಿಲೆ ಇದ್ದರಂತೂ ಕಣ್ಣಿನ ಹಿಂಭಾಗದ ಪರದೆ, ರೆಟಿನಾ, ನೋಡಿಸಲೇಬೇಕು. ಅಮ್ಮನನ್ನು ಈ ವಾರವೇ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಇದ್ದಕ್ಕಿದ್ದಂತೆ ದೃಷ್ಟಿ ಇಳಿದರೆ, ನೋವಿದ್ದರೆ, ಕಣ್ಣು ಕೆಂಪಾಗಿದ್ದರೆ ವಾರ ಕಾಯಬೇಡಿ, ಇವತ್ತೇ ಹೋಗಿ.